ಮಲಯ್ ರಾಕ್ ಹಾಡನ್ನು ಧಾರವಾಡದ ಕಿವಿಯಿಂದ ಕೇಳುವ ಬಗೆ

ಗೊತ್ತಿಲ್ಲದ ಭಾಷೆಯ ಹಾಡಿಗೆ ಕಿವಿಗೊಟ್ಟವರು ಮೊದಲು ವಾದ್ಯಗಳನ್ನು ಗಮನಿಸುವುದು ವಾಡಿಕೆ. ಮಲೇಷ್ಯಾದ ಮಲಯ್ ಭಾಷೆಯ ಪಾಪ್ ಮತ್ತು ರಾಕ್ ತಂಡಗಳ ಮಟ್ಟಿಗೆ ಹುಬ್ಬಳ್ಳಿ-ಧಾರವಾಡದವರು ಪದಗಳಿಂದಲೇ ಆರಂಭಿಸುವುದು ಲೇಸು. ಆ ಭಾಷೆಗೆ ಸಂಸ್ಕೃತದಿಂದ ಹೋದ ಮಾತುಗಳು ನಮ್ಮ ಕನ್ನಡದಲ್ಲಿವೆ, ಅರಬ್ಬಿಯಿಂದ ಹೋದವು ಹಳೇ ಹುಬ್ಬಳ್ಳಿಯ ಓಣಿಗಳ ಉರ್ದುವಿನಲ್ಲಿವೆ.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಕೆಲವು ಪದಗಳನ್ನು ಬರೆದುಕೊಳ್ಳಬೇಕು. ಸುವಾರಾ ಎಂದರೆ ಸ್ವರ, ಅಂದರೆ ದನಿ. ಜಿವಾ ಎಂದರೆ ಜೀವ. ರಹಸಿಯಾ, ದುನಿಯಾ, ಕಾಬಾರ್ ಇವುಗಳಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ. ಎಚ್ಚರ ಬೇಕಾದದ್ದು ದಾರಿಯಲ್ಲಿ ಅರ್ಥ ಬದಲಿಸಿಕೊಂಡ ಪದಗಳ ವಿಷಯದಲ್ಲಿ: ಚಿಂತಾ ಎಂದರೆ ಅಲ್ಲಿ ಪ್ರೀತಿ (ಅನುಭವಸ್ಥರು ಎರಡೂ ಒಂದೇ ಎನ್ನಬಹುದು), ಚಹಾಯಾ ಎಂದರೆ ನೆರಳಲ್ಲ, ಬೆಳಕು. ದೋಸಾ ಎಂದರೆ ಪಾಪ. ಅದು ನಮ್ಮ ದೋಷವೇ ಹೊರತು ಹೋಟೆಲಿನ ದೋಸೆಯಲ್ಲ.

ಮೊದಲ ಹಾಡಾಗಿ ಇಕ್ಲಿಮ್ ತಂಡದ ‘ಸುಚಿ ದಾಲಮ್ ದೆಬು’ವನ್ನು ಆರಿಸಿಕೊಳ್ಳಬಹುದು, ಧೂಳಿನೊಳಗೂ ಶುಚಿ ಎಂಬ ಅದರ ಶೀರ್ಷಿಕೆಯಲ್ಲೇ ನಮಗೆ ಒಂದು ಪದ ಸಿಕ್ಕಿಬಿಡುತ್ತದೆ. ಮೊದಲ ಸಲ ಸುಮ್ಮನೆ ಕೇಳಿ, ಎರಡನೆಯ ಸಲ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಗುರುತು ಸಿಕ್ಕ ಪದಗಳ ಕೆಳಗೆ ಗೆರೆ ಎಳೆಯಿರಿ. ಮಲೇಷ್ಯಾದಲ್ಲಿ ಮಲಯ್ ಭಾಷೆಯನ್ನು ಹೆಚ್ಚಾಗಿ ರೋಮನ್ ಲಿಪಿಯಲ್ಲೇ ಬರೆಯುವುದರಿಂದ ಓದಲು ತೊಡಕಿಲ್ಲ. ‘ಸಿ’ ಅಕ್ಷರವನ್ನು ‘ಚ’ ಎಂದು ಉಚ್ಚರಿಸಬೇಕೆಂಬುದನ್ನು ನೆನಪಿಟ್ಟರೆ ಸಾಕು.

ಹಾರ್ಮೋನಿಯಂ ಬಲ್ಲವರಿಗೆ ಇನ್ನೊಂದು ಸೂಚನೆ. ನಿಧಾನಗತಿಯ ಇಂಥ ಹಲವು ಹಾಡುಗಳು ಮೈನರ್ ಸ್ಕೇಲಿನಲ್ಲಿರುತ್ತವೆ, ಅದರ ಸ್ವರಗಳು ಆಸಾವರಿ ಥಾಟಿನವೇ. ಹಾಗೆಂದು ರಾಗ ಹುಡುಕುತ್ತ ಕೂಡಬಾರದು. ಅಲ್ಲಿ ಭಾವ ಬೆಳೆಯುವುದು ಆಲಾಪದಿಂದಲ್ಲ, ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಬದಲಾಗುವುದರಿಂದ ಮತ್ತು ಗಾಯಕ ತಾರಸ್ಥಾಯಿಗೆ ಏರುವುದರಿಂದ.

ಆ ಏರುದನಿಗೆ ಮಾದರಿ ಸರ್ಚ್ ತಂಡದ ಆಮಿ. 1981ರಲ್ಲಿ ಜೊಹೊರ್ ಬಾರುವಿನಲ್ಲಿ ಹುಟ್ಟಿದ ಈ ತಂಡದ ‘ಇಸಬೆಲ್ಲಾ’ ಹಾಡು 1989ರಲ್ಲಿ ಬಂದು ಗಡಿಯಾಚೆಯ ಇಂಡೋನೇಷ್ಯಾದಲ್ಲೂ ಮನೆಮಾತಾಯಿತು. ಎರಡೂ ನಾಡಿನ ಭಾಷೆಗಳು ಅಷ್ಟು ಹತ್ತಿರದವು. ಇದರ ಜೊತೆಗೆ ಆವಿ ಹಾಡುವ ವಿಂಗ್ಸ್ ತಂಡವನ್ನು ಕೇಳಬೇಕು. ಈ ಬಗೆಯ ಸಂಗೀತಕ್ಕೆ ಅಲ್ಲಿ ‘ರಾಕ್ ಕಾಪಾಕ್’ ಎಂಬ ಹೆಸರಿದೆ, ಅಂದರೆ ಕೊಡಲಿ ರಾಕ್. ಜನಪ್ರಿಯತೆ ಎಷ್ಟಿತ್ತೆಂದರೆ 1992ರಲ್ಲಿ ಉದ್ದಕೂದಲಿನ ರಾಕ್ ಗಾಯಕರನ್ನು ಸರ್ಕಾರಿ ಟಿವಿಯಿಂದ ದೂರವಿಟ್ಟದ್ದು ದೇಶವೇ ಚರ್ಚಿಸುವ ಸಂಗತಿಯಾಯಿತು.

ಕೊಡಲಿಯ ಸದ್ದು ಹೆಚ್ಚೆನಿಸಿದವರು ಪೆನಾಂಗಿನ ಆಲಿಕ್ಯಾಟ್ಸ್ ಕಡೆಗೆ ತಿರುಗಬಹುದು. ತಮಿಳು ಮೂಲದ ಲೋಗನಾಥನ್ ಮತ್ತು ಡೇವಿಡ್ ಆರುಮುಗಮ್ ಸಹೋದರರು ಮುನ್ನಡೆಸಿದ ಈ ತಂಡದ ಹಾಡುಗಳು ಮೃದು. 1960ರ ದಶಕದ ‘ಪಾಪ್ ಯೇ ಯೇ’ ಎಂಬ ಬಗೆಯ ಹಾಡುಗಳನ್ನು ಮಾತ್ರ ಕೊನೆಗಿಟ್ಟುಕೊಳ್ಳಿ. ಬೀಟಲ್ಸ್ ಪ್ರಭಾವದ ಆ ಹಳೆಯ ಧ್ವನಿಮುದ್ರಣಗಳಲ್ಲಿ ಪದಗಳು ಸ್ಪಷ್ಟವಾಗಿ ಕೇಳಿಸುವ ಹೊತ್ತಿಗೆ ನಿಮ್ಮ ಹಾಳೆಯಲ್ಲಿ ಗೆರೆಗಳು ಸಾಕಷ್ಟಾಗಿರುತ್ತವೆ.