ಹೆಲ್ಮೆಟ್ಟಿನ ಮೇಲೊಂದು ಕ್ಯಾಮೆರಾ: ಮನಾಲಿಯಿಂದ ಲೇಹ್‌ವರೆಗೆ

ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯುವುದೆಂದು ಗೆಳೆಯನೂ ನಾನೂ ನಿರ್ಧರಿಸಿದಾಗ, ದಾರಿಯನ್ನು ನಾನು ಕಂಡಂತೆಯೇ ಚಿತ್ರೀಕರಿಸಬೇಕೆಂಬ ಆಸೆಯಿಂದ ಆ್ಯಕ್ಷನ್ ಕ್ಯಾಮೆರಾವನ್ನು ಹೆಲ್ಮೆಟ್ಟಿಗೆ ಕಟ್ಟಿಕೊಂಡೆ. ಹೊರಡುವ ಮೊದಲು ನಾಲ್ಕು ಭಾನುವಾರ ನಂದಿ ಬೆಟ್ಟದ ಏರಿನಲ್ಲಿ ಅಭ್ಯಾಸ ಮಾಡಿದ್ದು ತುಂಬ ಉಪಯೋಗಕ್ಕೆ ಬಂತು.

ಅಭ್ಯಾಸದ ಮೊದಲ ವಾರ ಕ್ಯಾಮೆರಾವನ್ನು ನೆತ್ತಿಯ ಮೇಲೆ ಕೂರಿಸಿದ್ದೆ. ಅದರ ತೂಕ ನೂರೈವತ್ತು ಗ್ರಾಮಿನಷ್ಟೇ ಆದರೂ ಅಷ್ಟು ಎತ್ತರದಲ್ಲಿದ್ದುದರಿಂದ ತಿರುವುಗಳಲ್ಲಿ ತಲೆಯನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಮನೆಗೆ ಬಂದು ನೋಡಿದರೆ ಚಿತ್ರದ ತುಂಬ ಮುಂದಿನ ಚಕ್ರ ಮತ್ತು ಡಾಂಬರು. ನೆಟ್ಟಗೆ ನಿಂತು ಕೋನ ಹೊಂದಿಸಿದ್ದೇ ತಪ್ಪಾಗಿತ್ತು, ಏಕೆಂದರೆ ತುಳಿಯುವಾಗ ಬೆನ್ನು ಬಾಗಿ ತಲೆಯೂ ತಗ್ಗುತ್ತದೆ. ಆಮೇಲೆ ಗೆಳೆಯ ಸೈಕಲ್ ಹಿಡಿದುಕೊಂಡಿರುವಾಗ ಸೀಟಿನ ಮೇಲೆ ಕುಳಿತು, ಹ್ಯಾಂಡಲ್ ಹಿಡಿದು, ಫೋನಿನ ಪರದೆಯಲ್ಲಿ ನೋಡಿಕೊಂಡು ಕೋನ ಹೊಂದಿಸಿದೆ. ಕ್ಯಾಮೆರಾವನ್ನೂ ಹಣೆಯ ಭಾಗಕ್ಕೆ ಇಳಿಸಿ, ಗಾಳಿಕಿಂಡಿಗಳ ಮೂಲಕ ಪಟ್ಟಿ ಹಾಯಿಸಿ ಕಟ್ಟಿದೆ. ಹೆಲ್ಮೆಟ್ಟಿಗೆ ರಂಧ್ರ ಕೊರೆಯುವುದನ್ನಾಗಲಿ, ತಂತಿಯಿಂದ ಬಿಗಿಯುವುದನ್ನಾಗಲಿ ಯಾರೂ ಮಾಡಬಾರದು. ಬಿದ್ದಾಗ ತಲೆಯನ್ನು ಕಾಯುವುದು ಆ ಚಿಪ್ಪು ಮತ್ತು ಅದರೊಳಗಿನ ಥರ್ಮಾಕೋಲಿನಂಥ ಪದರ. ಕ್ಯಾಮೆರಾ ಹೋದರೆ ಹೋಗಲಿ, ಅದು ಕಳಚಿಕೊಳ್ಳುವಂತೆಯೇ ಇರಬೇಕು.

ನಿಜವಾದ ಪರೀಕ್ಷೆ ಎದುರಾದದ್ದು ಸರ್ಚುವಿನಲ್ಲಿ. 4,200 ಮೀಟರಿಗೂ ಎತ್ತರದ ಆ ಬಯಲಿನ ಡೇರೆಯಲ್ಲಿ ರಾತ್ರಿ ಬ್ಯಾಟರಿಗಳನ್ನು ಸೈಕಲ್ಲಿನ ಚೀಲದಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ ಹತ್ತೇ ನಿಮಿಷದಲ್ಲಿ ಖಾಲಿಯೆಂದು ತೋರಿಸಿ ಕ್ಯಾಮೆರಾ ನಿಂತುಹೋಯಿತು. ಚಳಿಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ಕ್ರಿಯೆ ನಿಧಾನವಾಗಿ, ಆಂತರಿಕ ಪ್ರತಿರೋಧ ಹೆಚ್ಚುತ್ತದೆ. ಆಗ ವೋಲ್ಟೇಜ್ ಕುಸಿಯುವುದನ್ನು ಕ್ಯಾಮೆರಾ ಖಾಲಿಯೆಂದೇ ತಿಳಿಯುತ್ತದೆ. ಅದೇ ಬ್ಯಾಟರಿಯನ್ನು ಒಳ ಅಂಗಿಯ ಜೇಬಿನಲ್ಲಿ ಅರ್ಧ ಗಂಟೆ ಇಟ್ಟುಕೊಂಡಾಗ ಮತ್ತೆ ಕೆಲಸ ಮಾಡಿತು. ಅಂದಿನಿಂದ ನಾಲ್ಕೂ ಬ್ಯಾಟರಿಗಳನ್ನು ಉಣ್ಣೆಯ ಕಾಲುಚೀಲದೊಳಗೆ ಹಾಕಿ, ಮಲಗುವ ಚೀಲದಲ್ಲಿ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದೆ. ಹೆಪ್ಪುಗಟ್ಟುವಷ್ಟು ತಣ್ಣಗಿರುವ ಬ್ಯಾಟರಿಗೆ ಚಾರ್ಜ್ ಮಾಡಿದರೆ ಅದಕ್ಕೆ ಶಾಶ್ವತ ಹಾನಿಯಾಗುತ್ತದೆ, ಆದ್ದರಿಂದ ಬೆಚ್ಚಗಾದ ಮೇಲೆಯೇ ಪವರ್ ಬ್ಯಾಂಕಿಗೆ ಜೋಡಿಸುತ್ತಿದ್ದೆ.

ಸರ್ಚು ದಾಟಿದ ಮೇಲೆ ಸಿಗುವ ಗಾಟಾ ಲೂಪ್ಸ್‌ನ 21 ಹೇರ್‌ಪಿನ್ ತಿರುವುಗಳನ್ನು ಚಿತ್ರೀಕರಿಸುವ ಕನಸು ನನಗೆ ಬಹಳ ದಿನಗಳಿಂದ ಇತ್ತು. ಆದರೆ ಮೊದಲ ಐದಾರು ತಿರುವುಗಳ ದೃಶ್ಯವನ್ನು ಅಲ್ಲೇ ನಿಂತು ನೋಡಿದಾಗ ಎದೆ ಕುಸಿಯಿತು. ಕಾಲು ಸೋಲುವಂಥ ಆ ಏರು ಪರದೆಯ ಮೇಲೆ ಮಟ್ಟಸವಾದ ರಸ್ತೆಯಂತೆ ಕಾಣುತ್ತಿತ್ತು. ವಿಶಾಲ ಕೋನದ ಮಸೂರ ದೂರದ್ದನ್ನೆಲ್ಲ ಚಿಕ್ಕದಾಗಿಸುತ್ತದೆ. ಜೊತೆಗೆ ಕ್ಯಾಮೆರಾವೂ ರಸ್ತೆಯೊಂದಿಗೇ ಓರೆಯಾಗುವುದರಿಂದ ಇಳಿಜಾರನ್ನು ಅಳೆಯಲು ನೋಡುಗನಿಗೆ ಆಧಾರವೇ ಉಳಿಯುವುದಿಲ್ಲ. ಆಮೇಲೆ ಪ್ರತಿ ತಿರುವಿನಲ್ಲೂ ರಸ್ತೆಯ ಒಳಬದಿಯಲ್ಲಿ ನಿಂತು, ಕೆಳಗಿನ ಸುತ್ತುಗಳ ಕಡೆಗೆ ತಲೆಯನ್ನು ನಿಧಾನವಾಗಿ ತಿರುಗಿಸಿ, ಮನಸ್ಸಿನಲ್ಲೇ ಐದರವರೆಗೆ ಎಣಿಸುವ ತನಕ ಅಲ್ಲಾಡದೆ ಇರುತ್ತಿದ್ದೆ. ಕೆಳಗೆ ಬೆಂಕಿಪೆಟ್ಟಿಗೆಯಂತೆ ಕಾಣುವ ಲಾರಿಗಳು ಬಂದ ಮೇಲೆಯೇ ಎತ್ತರಕ್ಕೆ ಅಳತೆ ಸಿಕ್ಕಿತು. ನಾವು ಸಹಜವಾಗಿ ಅತ್ತಿತ್ತ ನೋಡುವ ವೇಗ ಚಿತ್ರದಲ್ಲಿ ತಲೆ ಸುತ್ತಿಸುತ್ತದೆ. ಕ್ಯಾಮೆರಾದೊಳಗಿನ ಸ್ಥಿರೀಕರಣ ರಸ್ತೆಯ ಕುಲುಕಾಟವನ್ನು ತಗ್ಗಿಸುತ್ತದೆಯೇ ಹೊರತು ಕುತ್ತಿಗೆಯ ಚಂಚಲತೆಯನ್ನಲ್ಲ.

ಏರಿನಲ್ಲಿ ಗಾಳಿಯ ಸದ್ದು ಕಡಿಮೆಯಿದ್ದುದರಿಂದ ನನ್ನ ಏದುಸಿರು ಸ್ಪಷ್ಟವಾಗಿ ದಾಖಲಾಗಿದೆ. ಅದರ ಮೇಲೆ ಸಂಗೀತ ಹಾಕುವಂತೆ ಗೆಳೆಯ ಹೇಳಿದರೂ ನಾನು ಒಪ್ಪಲಿಲ್ಲ, ಏಕೆಂದರೆ ಚಿತ್ರ ತೋರಿಸಲಾರದ ಏರಿನ ಕಡಿದನ್ನು ಆ ಉಸಿರು ಹೇಳುತ್ತದೆ.

ತಂಗ್ಲಾಂಗ್ ಲಾ ಎಂಬ ಕಣಿವೆದಾರಿಯಿಂದ, ಅಂದರೆ 5,300 ಮೀಟರಿಗೂ ಮೇಲಿನಿಂದ, ರುಮ್ತ್ಸೆ ಹಳ್ಳಿಯ ಕಡೆಗೆ ಇಳಿಯುವ ದಾರಿಯ ಚಿತ್ರ ನನ್ನ ಬಳಿ ಒಂದು ಕ್ಷಣದ್ದೂ ಇಲ್ಲ. ದಪ್ಪ ಕೈಗವಸಿನಿಂದ ಗುಂಡಿ ಒತ್ತಿದ್ದೆ. ಅದರ ಬೀಪ್ ಸದ್ದು ಗಾಳಿಯಲ್ಲಿ ಕೇಳಿಸಲಿಲ್ಲ, ತಲೆಯ ಮೇಲಿನ ಕೆಂಪು ದೀಪ ನನಗೆ ಕಾಣುವಂತಿರಲಿಲ್ಲ. ಅಲ್ಲಿಂದ ಲೇಹ್‌ವರೆಗೆ ಪ್ರತಿ ಸಲವೂ ಹೆಲ್ಮೆಟ್ ತೆಗೆದು, ದೀಪ ಮಿನುಗುವುದನ್ನು ನೋಡಿ, ಮತ್ತೆ ಧರಿಸಿ ಪಟ್ಟಿ ಬಿಗಿದ ಮೇಲೆಯೇ ಪೆಡಲಿನ ಮೇಲೆ ಕಾಲಿಟ್ಟೆ.