‘ಇನ್ನೊಮ್ಮೆ ಮಾಡ್ರಿ’ ಅನ್ನೋದನ್ನು ಬಿಟ್ಟ ಮೇಲೆ

ನಾನು ಕ್ಯಾಮೆರಾ ಹಿಡಿಯೋದು ಕಲಿತದ್ದು ಮದುವೆಗಳಲ್ಲಿ. ಕೊಪ್ಪಳದ ಒಂದು ಫೋಟೋ ಸ್ಟುಡಿಯೋದವರು ಕೆಲಸ ಕೊಟ್ಟಿದ್ದರು. ಮದುವೆ ಶೂಟಿಂಗ್ ಅಂದ್ರೆ ಕೆಲವರಿಗೆ ಸಸಾರ. ಆದರೆ ಅಕ್ಷತೆ ಬೀಳುವ ಗಳಿಗೆ ಒಂದೇ ಸಲ ಬರುತ್ತದೆ, ಅಲ್ವಾ? ಆಗ ಬ್ಯಾಟರಿ ಬದಲಿಸುತ್ತಾ ಕೂತರೆ ಮುಗೀತು. ಹುಡುಗಿಯ ತಾಯಿ ಎಲ್ಲಿ ನಿಂತಿದ್ದಾಳೆ, ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳುವ ರೂಢಿ ಅಲ್ಲಿಂದಲೇ ಬಂತು.

ಆಮೇಲೆ ಊರಿನ ಕೇಬಲ್ ಚಾನೆಲ್. ಅದಾದ ಮೇಲೆ ಬೆಂಗಳೂರಿನ ಒಂದು ಚಾನೆಲ್‌ಗೆ ಸ್ಟ್ರಿಂಗರ್, ಅಂದ್ರೆ ಕಳಿಸಿದ ಸುದ್ದಿಗಷ್ಟೇ ದುಡ್ಡು. ಆಗ ಮಿನಿ ಡಿವಿ ಟೇಪುಗಳ ಕಾಲ, ಒಂದು ಟೇಪಿಗೆ 60 ನಿಮಿಷ. ಶೂಟ್ ಮುಗಿದ ಕೂಡಲೇ ಟೇಪನ್ನು ಕವರಿಗೆ ಹಾಕಿ ಬಸ್ ಸ್ಟ್ಯಾಂಡಿಗೆ ಓಡಬೇಕು. ಕಂಡಕ್ಟರ್ ಕೈಗೆ ಕೊಟ್ಟು, ಬಸ್ ನಂಬರ್ ಆಫೀಸಿಗೆ ಫೋನ್ ಮಾಡಿ ಹೇಳಿದರೆ ಆ ದಿನದ ಕೆಲಸ ಆದಂತೆ. ಈಗ ಹೊಲದ ಬದುವಿನ ಮೇಲೆ ನಿಂತೇ ಫೋನಿನಿಂದ ಕಳಿಸುತ್ತೇವೆ.

ಹೊಸ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಹತ್ತು ಸೆಕೆಂಡು ಅಲುಗಾಡದೆ ಹಿಡೀರಿ. ಸುಮ್ನೆ ಜೂಮ್ ಮಾಡಬೇಡಿ, ಕ್ಯಾಮೆರಾ ಆಚೀಚೆ ತಿರುಗಿಸಿ ಪ್ಯಾನ್ ಮಾಡಬೇಡಿ. ಎರಡು ಸೆಕೆಂಡಿನ ಶಾಟ್ ಇಟ್ಟುಕೊಂಡು ಎಡಿಟರ್ ಏನು ಮಾಡಬೇಕು? ಹೆಡ್‌ಫೋನ್ ಹಾಕೋದು ಮರೀಬೇಡಿ. ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ ಭಕ್ತರು ಎಸೆದ ಉತ್ತತ್ತಿ ಬಂದು ಲೆನ್ಸಿಗೇ ಬಡಿಯುತ್ತದೆ. ಬಡಿಯಲಿ. ಆ ಜನರ ಕೂಗು ಸರಿಯಾಗಿ ರೆಕಾರ್ಡ್ ಆಗಿಲ್ಲ ಅಂದ್ರೆ ತೇರು ಸಾಗಿದ ಹಾಗೇ ಅನಿಸೋದಿಲ್ಲ.

ಕೆಲಸದ ಇನ್ನೊಂದು ಪಾಠವನ್ನು ನನಗೆ ಕಲಿಸಿದ್ದು ಗಂಗಾವತಿ ಕಡೆಯ ಒಬ್ಬ ರೈತ. ಅದು ಬೇಸಿಗೆ ಭತ್ತ, ಕೊಯ್ಲಿಗೆ ಬಂದಿತ್ತು. ಹಿಂದಿನ ದಿನ ಆಲಿಕಲ್ಲು ಮಳೆ ಬಿದ್ದಿತ್ತು. ಪೈರು ನಿಂತೇ ಇತ್ತು, ಕಾಳು ಮಾತ್ರ ನೆಲದಲ್ಲಿತ್ತು. ಆತ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಕೆಸರು ಕೆದರಿದ. ಒಂದು ಹಿಡಿ ಕಾಳು ಬಳಿದುಕೊಂಡ, ಅಂಗೈಯಲ್ಲಿ ಹರಡಿ ಊದಿದ. ನಾನಿನ್ನೂ ಟ್ರೈಪಾಡ್ ಕಾಲು ಸರಿ ಮಾಡುತ್ತಿದ್ದೆ. ‘ಕಾಕಾ, ಇನ್ನೊಮ್ಮೆ ಮಾಡ್ರಿ’ ಅಂದೆ. ಆತ ನನ್ನ ಮುಖ ನೋಡಿದ. ಕಾಳನ್ನು ಅಂಗಿ ಜೇಬಿಗೆ ಹಾಕಿಕೊಂಡು ಎದ್ದ. ‘ಇನ್ನೊಮ್ಮೆ ಏನ್ ಮಾಡ್ಲಿ ತಮ್ಮಾ’ ಅಂತ ಒಂದೇ ಮಾತು ಹೇಳಿ ಹೊರಟುಹೋದ.

ಅಲ್ಲಿಂದ ಯಾರಿಗೂ ‘ಇನ್ನೊಮ್ಮೆ ಮಾಡ್ರಿ’ ಅಂತ ಹೇಳಿಲ್ಲ. ಇದರಿಂದ ಎಷ್ಟೋ ಒಳ್ಳೆ ಶಾಟ್‌ಗಳು ಕೈತಪ್ಪಿವೆ, ಆಫೀಸಿನಿಂದ ಬೈಸಿಕೊಂಡಿದ್ದೇನೆ. ಆದರೆ ಹೋದ ಜಾಗದಲ್ಲಿ ಮೊದಲು ಕ್ಯಾಮೆರಾ ತಯಾರಿಟ್ಟುಕೊಂಡು, ಆಮೇಲೆ ಮಾತಿಗೆ ಕೂರುವುದು ರೂಢಿಯಾಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟಿನ ಚೈನ್ ಕಿತ್ತು, ಗೇಟೇ ಕೊಚ್ಚಿಹೋಯಿತು. ಇರುವ 33 ಗೇಟುಗಳಲ್ಲಿ ಅದೊಂದೇ ಹೋಗಿದ್ದರೂ, ಒತ್ತಡ ಇಳಿಸಲು ಉಳಿದವನ್ನೂ ಎತ್ತಿ ನೀರು ಬಿಟ್ಟರು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ನಂಬಿಕೊಂಡಿದ್ದ ನೀರು ಅದು. ಮುನಿರಾಬಾದ್ ಕಡೆ ನಿಂತರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ, ಅಷ್ಟು ಭೋರ್ಗರೆತ. ನಾನು ಮೂರು ನಿಮಿಷ ಬರೀ ಆ ಸದ್ದನ್ನೇ ರೆಕಾರ್ಡ್ ಮಾಡಿದೆ.

ಮುಂದಿನ ದಿನಗಳು ಬರೀ ಕಾಯುವುದೇ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದ್ರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತಡೆಗಳನ್ನು ಇಳಿಸಲು ಒದ್ದಾಡುತ್ತಿತ್ತು. ಆಗಸ್ಟ್ 16ರಂದು ಮೊದಲನೆಯದು ಕೂತಿತು. ಎಲ್ಲರ ಕ್ಯಾಮೆರಾ ಡ್ಯಾಂ ಕಡೆ ಇತ್ತು. ನಾನು ಪಕ್ಕದಲ್ಲಿ ನಿಂತಿದ್ದ ಕಾರಟಗಿ ಕಡೆಯ ಮುದುಕರೊಬ್ಬರನ್ನು ನೋಡುತ್ತಿದ್ದೆ. ಟವೆಲ್ ಅಂಚನ್ನು ಬೆರಳಿಗೆ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ಆ ಬೆರಳುಗಳ ಮೇಲೆ ಫೋಕಸ್ ಇಟ್ಟು ಹಿಡಿದೆ. ಬೈಟ್ ಬೇಕು, ಅಂದ್ರೆ ಯಾರಾದರೂ ಮೈಕಿಗೆ ಮಾತಾಡಿದ ತುಣುಕು ಬೇಕು ಅಂತ ಆಫೀಸಿನ ಸುದ್ದಿ ಡೆಸ್ಕಿನಿಂದ ಫೋನ್ ಮೇಲೆ ಫೋನ್. ಮೈಕ್ ಚಾಚಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ತಿರುಗಿದರು. ‘ತಮ್ಮಾ, ನಿನ್ನ ಮೈಕ್ ಚಾಲೂ ಐತೇನು? ನಾಟಿ ಮಾಡಿ ಹದಿನೈದು ದಿನ ಆತು. ನಾನೂ ಒಂದ್ ಮಾತು ಹೇಳ್ಬೇಕು’ ಅಂದರು. 40 ಸೆಕೆಂಡು ಮಾತಾಡಿದರು. ಡೆಸ್ಕಿನವರು ಒಂದಕ್ಷರ ಕತ್ತರಿಸದೆ ಹಾಕಿದರು.