ಹಳದಿ ನೀರಿಗೆ ಬಿಡಿಎಲ್ ರಿಪೋರ್ಟ್

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಲೋಹಕ್ಕೆ ಲೇಪ ಹಾಕುವ ಒಂದು ಸಣ್ಣ ಪ್ಲೇಟಿಂಗ್ ಘಟಕದಲ್ಲಿ ನಾನು ಕೆಮಿಸ್ಟ್. ನಿಕಲ್, ಕ್ರೋಮ್ ಎರಡೂ ನಡೆಯುತ್ತದೆ. ಇಂಥ ಕಡೆ ಕೆಮಿಸ್ಟ್ ಅಂದರೆ ಎಲ್ಲಾ ನಾವೇ. ಬಾತ್ (ಲೇಪದ ದ್ರಾವಣದ ಟ್ಯಾಂಕು) ನೋಡಬೇಕು, ಇಟಿಪಿ (ಕೊಳೆ ನೀರು ಶುದ್ಧ ಮಾಡುವ ಘಟಕ) ನೋಡಬೇಕು, ಸ್ಯಾಂಪಲ್ ತುಂಬಿಕೊಂಡು ಲ್ಯಾಬಿಗೂ ಓಡಬೇಕು.

ಸೇರಿದ ಹೊಸದರಲ್ಲಿ ನಾವು ಹೊರಗೆ ಬಿಡುವ ನೀರಿನ ಒಂದು ಲ್ಯಾಬ್ ರಿಪೋರ್ಟ್ ಬಂತು. ಹೆಕ್ಸಾವಲೆಂಟ್ ಕ್ರೋಮಿಯಂ: ಬಿಡಿಎಲ್. ಅಂದರೆ ಅಳೆಯುವಷ್ಟೂ ಇಲ್ಲ. ಲೀಟರಿಗೆ 0.1 ಮಿಲಿಗ್ರಾಂ ಮಿತಿ ಇರುವ ವಿಷವಸ್ತು ಅದು. ಮಾಲಕರು ಖುಷಿಯಾದರು. ಇಟಿಪಿ ನೋಡಿಕೊಳ್ಳುವ ಕಾಕಾ ಮಾತ್ರ ಔಟ್‌ಲೆಟ್ ಹತ್ತಿರ ನಿಂತು ಕೇಳಿದರು, "ಸರ, ನೀರ ಇನ್ನೂ ಹಳದಿ ಐತ್ರೀ. ಏನೂ ಇಲ್ಲ ಅಂತ ಹೆಂಗ ಬಂತು?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಹೆಕ್ಸಾ ಅಂದರೆ ಹಳದಿ. ಆಸಿಡ್ ಹಾಕಿ ಪಿಎಚ್ ಎರಡೂವರೆಗೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಅದು ಟ್ರೈವಲೆಂಟ್ ಎಂಬ ಇನ್ನೊಂದು ರೂಪಕ್ಕೆ ತಿರುಗಿ ಹಸಿರಾಗುತ್ತದೆ. ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ತಳಕ್ಕೆ ಕೂರುತ್ತದೆ. ಹಳದಿ ಉಳಿದಿದೆ ಅಂದರೆ ಕೆಲಸ ಅರ್ಧ ಆಗಿದೆ ಅಂತಲೇ ಅರ್ಥ. ರಿಪೋರ್ಟನ್ನು ಮತ್ತೆ ನೋಡಿದೆ. ಟೋಟಲ್ ಕ್ರೋಮಿಯಂ (ಎರಡೂ ರೂಪ ಸೇರಿ) ಅದರ ಮಿತಿ 2 ಮಿಲಿಗ್ರಾಂ ದಾಟಿತ್ತು! ಖುಷಿಯಲ್ಲಿ ಆ ಸಾಲನ್ನು ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

ತಪ್ಪು ಲ್ಯಾಬಿನದ್ದಲ್ಲ, ನನ್ನದು. ಒಂದೇ ಕ್ಯಾನ್ ತುಂಬಿ, ಲೋಹದ ಪರೀಕ್ಷೆಗೆ ಬೇಕು ಅಂತ ನೈಟ್ರಿಕ್ ಆಸಿಡ್ ಹಾಕಿ, ಎಲ್ಲಾ ಟೆಸ್ಟಿಗೂ ಅದನ್ನೇ ಕಳಿಸಿದ್ದೆ. ಅದೂ ಎರಡು ದಿನ ತಡವಾಗಿ. ನಮ್ಮ ನೀರಿನಲ್ಲಿ ನಿಕಲ್ ಬಾತಿನ ಬ್ರೈಟ್ನರ್ (ಹೊಳಪು ಕೊಡುವ ರಾಸಾಯನಿಕ), ಎಣ್ಣೆ ಜಿಡ್ಡು ಎಲ್ಲಾ ಇರುತ್ತದೆ. ಆಸಿಡ್ ಜೊತೆ ಅವು ಸೇರಿದರೆ ಹೆಕ್ಸಾ ಕ್ಯಾನಿನೊಳಗೇ ಟ್ರೈವಲೆಂಟ್ ಆಗಿಬಿಡುತ್ತದೆ. ಹೊಳೆಯುವ ರಿಪೋರ್ಟ್ ಬಂದದ್ದು ಹೀಗೆ.

ಈಗ ಬಾಟಲಿಗಳೇ ಬೇರೆ ಬೇರೆ. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್. ಹೆಕ್ಸಾಕ್ಕೆ ಇನ್ನೊಂದು, ಆಸಿಡ್ ಹನಿಯೂ ಬೇಡ, ಐಸ್ ಬಾಕ್ಸಿನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ. ಸಿಒಡಿಗೆ (ನೀರಿನ ಕೊಳೆಯನ್ನು ರಾಸಾಯನಿಕದಿಂದ ಅಳೆಯುವ ಟೆಸ್ಟ್) ಸಲ್ಫ್ಯೂರಿಕ್ ಆಸಿಡ್. ಆಯಿಲ್ ಆ್ಯಂಡ್ ಗ್ರೀಸಿಗೆ ಅಗಲ ಬಾಯಿಯ ಗಾಜಿನ ಬಾಟಲಿ. ಬೇರೆ ಬಾಟಲಿಗಳನ್ನು ಅದೇ ನೀರಿನಲ್ಲಿ ಎರಡು ಸಲ ಅಲುಗಿಸಿ ಚೆಲ್ಲುತ್ತೇವೆ. ಇದನ್ನು ಮಾತ್ರ ಹಾಗೆ ತೊಳೆಯಬಾರದು. ಜಿಡ್ಡು ಗಾಜಿಗೆ ಅಂಟಿಕೊಂಡು ಲೆಕ್ಕ ಜಾಸ್ತಿ ಬರುತ್ತದೆ. ಬಿಒಡಿಗೆ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಟೆಸ್ಟ್) ಬರೀ ಐಸ್. ಅದನ್ನು ಗುರುವಾರ ಒಯ್ದರೆ ಲ್ಯಾಬಿನವರ ಮುಖ ಸಣ್ಣದಾಗುತ್ತದೆ. ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರು ದಿನದ ಟೆಸ್ಟ್, ರೀಡಿಂಗ್ ಭಾನುವಾರಕ್ಕೆ ಬೀಳುತ್ತದೆ ನೋಡಿ.

ಬಾಟಲಿ ಸರಿಯಾಯಿತು. ಹೊತ್ತು? ನಾನು ಯಾವಾಗಲೂ ಬೆಳಿಗ್ಗೆ ಹತ್ತಕ್ಕೆ ತುಂಬುತ್ತಿದ್ದೆ, ಚಹಾಕ್ಕೆ ಮುಂಚೆ. ಆ ಹೊತ್ತಿಗೆ ಬರೀ ತೊಳೆದ ನೀರು ಬರುತ್ತದೆ. ಲೇಪ ಹಾಕಿದ ಸಾಮಾನು ಅದ್ದಿ ತೊಳೆಯುವ ರಿನ್ಸ್ ಟ್ಯಾಂಕು ಖಾಲಿ ಮಾಡುವುದು ಸಂಜೆ, ಶಿಫ್ಟ್ ಮುಗಿಯುವಾಗ. ಒಂದು ದಿನ ಎಂಟರಿಂದ ಆರರವರೆಗೆ ಗಂಟೆಗೊಂದು ಬಾಟಲಿ ತುಂಬಿದೆ. ಸಾಲಾಗಿ ಇಟ್ಟಾಗ ಬಣ್ಣವೇ ಎಲ್ಲಾ ಹೇಳಿತು. ಸಂಜೆ ಐದರದ್ದು ಅರಿಶಿನ ಕಲಸಿದ ಹಾಗಿತ್ತು.

ದಿನದ ಒಂದೇ ಸ್ಯಾಂಪಲ್ ಮಾಡಲು ಎಲ್ಲಾ ಬಾಟಲಿ ಸಮ ಸಮ ಬೆರೆಸಿದರೂ ಸುಳ್ಳೇ. ಔಟ್‌ಲೆಟ್‌ಗೆ ಹಿಡಿದ ಇಪ್ಪತ್ತು ಲೀಟರಿನ ಬಕೆಟ್ ಬೆಳಿಗ್ಗೆ 48 ಸೆಕೆಂಡಿಗೆ ತುಂಬುತ್ತಿತ್ತು, ಸಂಜೆ 12 ಸೆಕೆಂಡಿಗೆ. ಅಂದರೆ ಸಂಜೆಯ ಹರಿವು ನಾಲ್ಕು ಪಟ್ಟು. ಬೆಳಿಗ್ಗೆಯದ್ದು 100 ಮಿಲಿ ಹಾಕಿದರೆ ಸಂಜೆಯದ್ದು 400 ಹಾಕಬೇಕು. ಪಿಎಚ್ ಮತ್ತು ಗ್ರೀಸ್‌ ಮಾತ್ರ ಹೀಗೆ ಬೆರೆಸುವ ಲೆಕ್ಕಕ್ಕಿಲ್ಲ. ಪಿಎಚ್ ಅಲ್ಲೇ ನಿಂತು ನೋಡಬೇಕು, ಗ್ರೀಸ್ ಬಾಟಲಿ ಆಯಾ ಹೊತ್ತಿಗೆ ಬೇರೆಯೇ. ಈಗ ಹರಿವು ಅಳೆಯಲು ವಿ-ನಾಚ್ (ವಿ ಆಕಾರದಲ್ಲಿ ಕತ್ತರಿಸಿದ ತಡೆಹಲಗೆ) ಹಾಕಿಸಿದ್ದೇವೆ. ಮೊದಲು ಸ್ಕೇಲನ್ನು ನಾಚಿನ ಬಾಯಿಗೇ ಕೂರಿಸಿದ್ದೆ. ಅಲ್ಲಿ ನೀರು ಇಳಿಯುತ್ತಿರುತ್ತದೆ, ಅಳತೆ ಕಡಿಮೆ ಬರುತ್ತದೆ. ಸ್ವಲ್ಪ ಹಿಂದೆ, ನೀರು ಸಮವಾಗಿ ನಿಂತ ಕಡೆ ಇರಬೇಕು.

ಹೊಸ ಸ್ಯಾಂಪಲಿನಲ್ಲಿ ಹೆಕ್ಸಾ ಮಿತಿಯ ಹತ್ತು ಪಟ್ಟು ದಾಟಿತ್ತು. ಮಾಲಕರು, "ಹಳೇ ರಿಪೋರ್ಟ ಛಲೋ ಇತ್ತಲ್ರೀ" ಅಂದರು. ಏನು ಹೇಳಲಿ? ಗಬ್ಬೂರಿನ ಕಡೆ ರೈತರು ನಾಲಾ ನೀರಿನಲ್ಲೇ ತರಕಾರಿ ಬೆಳೆಯುತ್ತಾರೆ, ಆ ಸೊಪ್ಪು ನಮ್ಮ ಸಂತೆಗೇ ಬರುತ್ತದೆ ಅಂದೆ. ಜೊತೆಗೆ, ಮಾಲಿನ್ಯ ನಿಯಂತ್ರಣ ಬೋರ್ಡಿನವರು ಸಂಜೆ ಬಂದರೆ ಏನು ಗತಿ ಅಂತಲೂ ಕೇಳಿದೆ. ಎರಡನೇ ಮಾತು ಬೇಗ ನಾಟಿತು. (ಅವರು ಬಂದರೆ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ನೆನಪಿಡಿ. ಸ್ಯಾಂಪಲನ್ನು ನಮ್ಮೆದುರೇ ಎರಡು ಪಾಲು ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು.)

ಈಗ ಸಂಜೆಯ ನೀರು ಬೇರೆ ಟ್ಯಾಂಕಿನಲ್ಲಿ ನಿಲ್ಲುತ್ತದೆ. ಬಿಡುವ ಮುಂಚೆ ಕಾಕಾ ಒಂದು ಟೆಸ್ಟ್ ಟ್ಯೂಬಿಗೆ ನೀರು, ನಾಲ್ಕು ಹನಿ ಆಸಿಡ್, ಒಂದು ಹನಿ ಡೈಫಿನೈಲ್ ಕಾರ್ಬಜೈಡ್ ಹಾಕುತ್ತಾರೆ. ನೇರಳೆ ಬಣ್ಣ ಬಂದರೆ ಹೆಕ್ಸಾ ಇನ್ನೂ ಇದೆ ಅಂತ. ವಾಲ್ವ್ ಬಂದ್, ಮತ್ತೆ ಮೆಟಾಬೈಸಲ್ಫೈಟ್. ಆ ಕಾರ್ಬಜೈಡ್ ದ್ರಾವಣ ಬೇಗ ಕೆಡುತ್ತದೆ. ಕತ್ತಲಲ್ಲಿ, ತಂಪಾಗಿ ಇಡಬೇಕು. ಹೋದ ವಾರ ಅದು ಕಂದು ತಿರುಗಿತ್ತು. ಬಣ್ಣ ಬರಲಿಲ್ಲ, ನಾನು "ಬಿಡ್ರಿ ಕಾಕಾ" ಅಂದೆ. ಅವರು ಬಿಡಲಿಲ್ಲ. "ಮದ್ದ ಕೆಟ್ಟೈತ್ರೀ ಸರ, ಹೊಸದ ಮಾಡ್ರಿ" ಅಂತ ಬಾಟಲಿ ನನ್ನ ಕೈಗಿಟ್ಟರು.